‘ಸೆ ಬೆಂದೆ’ ಅಂತ ಬೋರ್ಡಿತ್ತು, ಬೆಂದಿದ್ದು ಮಾತ್ರ ನಾನು!

2022ರ ಸೆಪ್ಟೆಂಬರ್. ಮ್ಯಾಡ್ರಿಡ್‌ಗೆ ಹೋಗಿಳಿದ ಮೂರನೇ ದಿನ. ಕಂಪನಿಯವರು ಕೊಟ್ಟಿದ್ದ ಹೋಟೆಲಿನಿಂದ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗ್ತಾ ಇದ್ದಾಗ ಒಂದು ಪುಟ್ಟ ಅಂಗಡಿಯ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಪಿಐ’ ಅಂತ ಬರೆದಿದ್ದು ಕಾಣಿಸ್ತು. ಆಹಾ, ಇಲ್ಲೂ ನಮ್ಮ ಜಾತಿಯವರು ಇದಾರಲ್ಲ ಅಂತ ಖುಷಿಯಾಗಿ ಹತ್ತಿರ ಹೋದೆ. ನೋಡಿದ್ರೆ ಗಾಜಿನ ತುಂಬಾ ಮನೆಗಳ ಫೋಟೋ, ಕೆಳಗೆ ಯೂರೋ ಲೆಕ್ಕದಲ್ಲಿ ಬೆಲೆ. ಸ್ಪೇನಿನಲ್ಲಿ ಎಪಿಐ ಅಂದರೆ ‘ಅಹೆಂತೆ ದೆ ಲಾ ಪ್ರೊಪ್ಯೆದಾದ್ ಇನ್ಮೊಬಿಲ್ಯಾರಿಯಾ’, ಅಂದರೆ ಸ್ಥಿರಾಸ್ತಿಯ ಏಜೆಂಟು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ರೋಕರ್ರು!

ಯೋಚಿಸಿದರೆ ನಾವು ದಿನಾ ಬರೆಯೋ ಎಪಿಐ ಕೂಡ ಮಧ್ಯವರ್ತಿಯೇ. ಎರಡು ಸಾಫ್ಟ್‌ವೇರುಗಳ ಮಧ್ಯೆ ನಿಂತು ಇವನ ಪ್ರಶ್ನೆ ಅವನಿಗೆ, ಅವನ ಉತ್ತರ ಇವನಿಗೆ ಮುಟ್ಟಿಸೋದು. ಆದರೆ ನಮ್ಮ ಎಪಿಐಗೆ ಡಾಕ್ಯುಮೆಂಟೇಶನ್ ಇರತ್ತೆ. ಯಾರು ಕೇಳಬಹುದು, ಏನು ಕೇಳಬಹುದು, ಕೇಳಿದರೆ ಏನು ಸಿಗತ್ತೆ ಅಂತೆಲ್ಲ ಬರೆದಿಟ್ಟಿರ್ತಾರೆ. ಆ ಗಾಜಿನ ಹಿಂದೆ ಕೂತ ಎಪಿಐಗೆ ಅಂಥದ್ದೇನೂ ಇರಲಿಲ್ಲ. ಅವನನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಒಂಬತ್ತು ತಿಂಗಳೂ 1,028 ಯೂರೋ 50 ಸೆಂಟೂ ಬೇಕಾಯ್ತು. ಆ ಕಥೆನೂ, ಅದರಿಂದ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟ ಒಂದು ಅಭಿಪ್ರಾಯಾನೂ ಬರೆದಿಡೋಣ ಅಂತ ತುಂಬಾ ದಿನದಿಂದ ಅಂದುಕೊಳ್ತಾ ಇದ್ದೆ. ಇವತ್ತು ಭಾನುವಾರ, ಮಳೆ, ಕರೆಂಟಿದೆ. ಹಾಗಾಗಿ ಈ ಬರಹ :-)

ಹೊರಡೋಕೆ ಮೊದಲು ಎರಡು ತಿಂಗಳು ನಾನು ಫೋನಿನ ಆಪ್ ಒಂದರಲ್ಲಿ ಶ್ರದ್ಧೆಯಿಂದ ಸ್ಪ್ಯಾನಿಷ್ ಕಲಿತಿದ್ದೆ. ‘ಮನೆ ಹುಡುಕುವುದು’ ಅನ್ನೋ ಪಾಠವೇ ಇತ್ತು. ರಿಯಲ್ ಎಸ್ಟೇಟ್ ಏಜೆಂಟ್ ಅಂದರೆ ‘ಅಹೆಂತೆ ಇನ್ಮೊಬಿಲ್ಯಾರಿಯೊ’. ಸರಿಯುತ್ತರ, ಹಸಿರು ಟಿಕ್, ಮುಂದಿನ ಪಾಠ. ಆ ಪದ ನನಗೆ ಇಷ್ಟವೂ ಆಗಿತ್ತು. ‘ಮುಎಬ್ಲೆ’ ಅಂದರೆ ಪೀಠೋಪಕರಣ, ಮೂಲ ಅರ್ಥ ಅಲ್ಲಾಡಿಸಬಹುದಾದದ್ದು. ‘ಇನ್ಮುಎಬ್ಲೆ’ ಅಂದರೆ ಅಲ್ಲಾಡದ್ದು, ಅಂದರೆ ಕಟ್ಟಡ. ನಮ್ಮ ಚರಾಸ್ತಿ, ಸ್ಥಿರಾಸ್ತಿ ಥರಾನೇ. ಲ್ಯಾಟಿನ್ ಅಮೆರಿಕದ ಕಡೆ ಇನ್ನೂ ಚೆಂದ, ‘ಬ್ಯೆನೆಸ್ ರಾಯೀಸೆಸ್’ ಅಂತಾರೆ. ಬೇರುಗಳುಳ್ಳ ಸ್ವತ್ತು! ಅಡಿಕೆ ತೋಟದವರ ಮಗನಾದ ನನಗೆ ‘ರಿಯಲ್ ಎಸ್ಟೇಟ್’ ಅನ್ನೋದಕ್ಕಿಂತ ಇದು ಸಾವಿರ ಪಾಲು ಚೆನ್ನಾಗಿ ಅರ್ಥ ಆಗತ್ತೆ.

ಆದರೆ ಪದ ಗೊತ್ತಿರೋದಕ್ಕೂ ಆ ಪದದ ಹಿಂದೆ ನಿಂತ ಮನುಷ್ಯ ಗೊತ್ತಿರೋದಕ್ಕೂ ತುಂಬಾ ವ್ಯತ್ಯಾಸ ಇದೆ ನೋಡಿ.

ಬೀದಿಯಲ್ಲೆಲ್ಲ ‘ಸೆ ಬೆಂದೆ’, ‘ಸೆ ಅಲ್ಕಿಲಾ’ ಅಂತ ಕಿತ್ತಳೆ ಬಣ್ಣದ ಬೋರ್ಡುಗಳು. ಸೆ ಬೆಂದೆ ಅಂದರೆ ಮಾರಾಟಕ್ಕಿದೆ. ಬೆಂದಕಾಳೂರಿನಿಂದ ಹೋದವನಿಗೆ ಇದಕ್ಕಿಂತ ಆತ್ಮೀಯ ಬೋರ್ಡು ಬೇಕೆ? ಬೆಲೆ ನೋಡಿದ ಮೇಲಂತೂ ಆ ಬೋರ್ಡು ನನ್ನ ಪರವಾಗಿಯೇ ಮಾತಾಡ್ತಿದೆ ಅನ್ನಿಸ್ತು. ಸೆ ಅಲ್ಕಿಲಾ ಅಂದರೆ ಬಾಡಿಗೆಗಿದೆ. ನನಗೆ ಬೇಕಿದ್ದದ್ದು ಇದು. ಈ ‘ಅಲ್ಕಿಲೇರ್’, ಅಂದರೆ ಬಾಡಿಗೆ, ಅರಬ್ಬಿಯ ‘ಅಲ್ ಕಿರಾ’ದಿಂದ ಬಂದದ್ದಂತೆ. ನಮ್ಮ ಉತ್ತರದ ಸ್ನೇಹಿತರು ‘ಕಿರಾಯಾ’ ಅಂತಾರಲ್ಲ, ಅದರ ದೊಡ್ಡಪ್ಪನ ಮಗ! ನಮ್ಮ ‘ದಳ್ಳಾಳಿ’ಯೂ ಅರಬ್ಬಿಯ ‘ದಲ್ಲಾಲ್’ನಿಂದಲೇ ಬಂದವನು. ಸ್ಪೇನಿನ ಭಾಗಗಳನ್ನು ಏಳುನೂರಕ್ಕೂ ಹೆಚ್ಚು ವರ್ಷ ಅರಬ್ಬಿ ಮಾತಾಡೋ ಮುಸ್ಲಿಂ ಅರಸರು ಆಳಿದರು. ಕಟ್ಟೋ ಗಾರೆಯವನೂ (‘ಅಲ್ಬಾನ್ಯಿಲ್’), ಮನೆ ಮೇಲಿನ ತಾರಸಿಯೂ (‘ಅಸೊತೇಯಾ’) ಅವರ ಭಾಷೆಯಿಂದಲೇ ಬಂದವು.

ಜಾಹೀರಾತು ನೋಡೋಕೆ ಶುರು ಮಾಡಿದೆ. ಕೆಲವು ಜಾಹೀರಾತುಗಳಲ್ಲಿ ‘ಪರ್ತಿಕುಲಾರ್’ ಅಂತ ಹಾಕಿರ್ತಿದ್ರು. ನನಗೆ ಭಯ ಆಯ್ತು. ಬೆಂಗಳೂರಲ್ಲಿ ‘ಓನರ್ರು ತುಂಬಾ ಪರ್ಟಿಕ್ಯುಲರ್ರು’ ಅಂದರೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ಗೋಡೆಗೆ ಮೊಳೆ ಹೊಡೀಬಾರ್ದು, ರಾತ್ರಿ ಹತ್ತಕ್ಕೆ ಗೇಟು, ಮೊಟ್ಟೆನೂ ಬೇಯಿಸೋ ಹಾಗಿಲ್ಲ! ಹಾಗಾಗಿ ಆ ಜಾಹೀರಾತುಗಳನ್ನೆಲ್ಲ ಒಂದೊಂದಾಗಿ ಬದಿಗೆ ಸರಿಸಿದೆ. ಎರಡು ತಿಂಗಳಾದ ಮೇಲೆ ಗೊತ್ತಾಯ್ತು, ಪರ್ತಿಕುಲಾರ್ ಅಂದರೆ ‘ಖಾಸಗಿ ವ್ಯಕ್ತಿ’. ಅಂದರೆ ಮನೆ ಮಾಲೀಕರೇ ನೇರವಾಗಿ ಕೊಟ್ಟ ಜಾಹೀರಾತು, ಕಮಿಶನ್ ಇಲ್ಲ! ಇನ್ನು ಕೆಲವರು ‘ಅಬ್ಸ್ತೆನೆರ್ಸೆ ಅಹೆನ್ಸಿಯಾಸ್’ ಅಂತ ಕೆಳಗೊಂದು ಸಾಲು ಸೇರಿಸಿರ್ತಿದ್ರು. ಏಜೆನ್ಸಿಯವರು ದಯವಿಟ್ಟು ದೂರ ಇರಿ ಅಂತ. ಅದನ್ನೂ ನಾನು ಓದಿದ್ದೆ, ಏನೋ ಷರತ್ತಿರಬೇಕು ಅಂತ ಬಿಟ್ಟಿದ್ದೆ. ಒಟ್ಟಿನಲ್ಲಿ, ದುಡ್ಡು ಉಳಿಸಬಹುದಾದ ಎಲ್ಲ ಬಾಗಿಲನ್ನೂ ನನ್ನ ಕೈಯಾರೆ ಮುಚ್ಚಿಕೊಂಡು ಏಜೆಂಟನ ಬಾಗಿಲಿಗೆ ಹೋದೆ.

ಕರಬಂಚೆಲ್ ಅನ್ನೋ ಬಡಾವಣೆಯಲ್ಲಿ ಒಂದು ಮನೆ ಸಿಕ್ತು. ತಿಂಗಳಿಗೆ 850 ಯೂರೋ. ಏಜೆಂಟು ಬಹಳ ಒಳ್ಳೆ ಮಾತುಗಾರ. ಲೆಕ್ಕದ ಚೀಟಿ ಕೊಟ್ಟ. ಮೊದಲ ತಿಂಗಳ ಬಾಡಿಗೆ 850. ‘ಫಿಯಾನ್ಸಾ’, ಅಂದರೆ ಠೇವಣಿ, ಕಾನೂನಿನ ಪ್ರಕಾರ ಒಂದು ತಿಂಗಳದ್ದು, ಇನ್ನೊಂದು 850. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇದ್ದ ನನಗೆ ಇದೇನು ಸ್ವರ್ಗವಪ್ಪಾ ಅನ್ನಿಸ್ತು. ಕೊನೆಗೆ ‘ಒನೊರಾರಿಯೋಸ್’ ಅಂತ ಒಂದು ಸಾಲು. ಒಂದು ತಿಂಗಳ ಬಾಡಿಗೆ, ಮೇಲೆ 21 ಶೇಕಡಾ ತೆರಿಗೆ. 1,028.50. ಹಾನರೇರಿಯಂ! ವೈದ್ಯರಿಗೆ, ವಕೀಲರಿಗೆ ಕೊಡೋ ಗೌರವದ ಸಂಭಾವನೆಯ ಪದ. ‘ಕೊಮಿಸ್ಯೋನ್’ ಅಂತ ಬರೆದಿದ್ರೆ ಬಹುಶಃ ಚೌಕಾಸಿ ಮಾಡ್ತಿದ್ದೆ. ಒನೊರಾರಿಯೋಸ್ ಅಂದಾಗ ಚೌಕಾಸಿ ಮಾಡೋಕೆ ನಾಲಿಗೆ ಏಳಲಿಲ್ಲ. ಕೊಟ್ಟೆ. ಕೊಟ್ಟ ಮೇಲೆ ಮನಸ್ಸಿನಲ್ಲಿ ಒಂದು ಸಮಾಧಾನ: ಪರದೇಶದಲ್ಲಿ ನನಗೂ ಒಬ್ಬ ಏಜೆಂಟು ಇದಾನೆ.

ಈ ‘ನನಗೂ ಒಬ್ಬ’ ಅನ್ನೋದೇ ತಪ್ಪು ನೋಡಿ.

ಡಿಸೆಂಬರ್ ಬಂತು. ಒಂದು ಬೆಳಿಗ್ಗೆ ‘ಕಲ್ದೇರಾ’ ಕೆಟ್ಟಿತು. ಅದು ಮನೆಗೆಲ್ಲ ಬಿಸಿನೀರೂ ಬೆಚ್ಚಗಿನ ಗಾಳಿಯೂ ಕೊಡೋ ಬಾಯ್ಲರು. ಹೊರಗೆ ಮೂರು ಡಿಗ್ರಿ. ಏಜೆಂಟನಿಗೆ ಫೋನ್ ಮಾಡಿದೆ. ಆತ ತುಂಬಾ ನಯವಾಗಿ, “ಯೋ ತ್ರಬಾಹೊ ಪಾರಾ ಲಾ ಪ್ರೊಪ್ಯೆದಾದ್” ಅಂದ. ನಾನು ‘ಪ್ರಾಪರ್ಟಿಗಾಗಿ ಕೆಲಸ ಮಾಡೋನು ನಾನು’ ಅಂತ ಅರ್ಥ ಮಾಡಿಕೊಂಡೆ. “ಹಾಗಿದ್ರೆ ಒಳ್ಳೇದೇ ಆಯ್ತು, ಪ್ರಾಪರ್ಟಿಯ ಕಲ್ದೇರಾನೇ ಕೆಟ್ಟಿರೋದು, ಬನ್ನಿ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಫೋನಿಟ್ಟ.

ಕಟ್ಟಡದ ಬಾಗಿಲ ಬಳಿ ‘ಅದ್ಮಿನಿಸ್ತ್ರದೋರ್ ದೆ ಫಿಂಕಾಸ್’ ಅಂತ ಒಂದು ಹಿತ್ತಾಳೆ ಫಲಕ, ಫೋನ್ ನಂಬರ್. ಅವರಿಗೂ ಮಾಡಿದೆ. ಅವರು ಹೇಳಿದ್ದು ಇಷ್ಟು: ಮೆಟ್ಟಿಲು, ಲಿಫ್ಟು, ತಾರಸಿ, ಒಟ್ಟಿನಲ್ಲಿ ಎಲ್ಲರಿಗೂ ಸೇರಿದ್ದೆಲ್ಲ ನಮ್ಮದು, ನಿಮ್ಮ ಬಾಗಿಲ ಒಳಗಿನದು ನಮ್ಮದಲ್ಲ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಮ್ಯಾನೇಜರ್ ಥರ ಅನ್ನಿ. ಹೀಗೆ ಏಳು ದಿನ ಕಳೀತು. ಕೆಟಲ್ಲಿನಲ್ಲಿ ನೀರು ಕಾಯಿಸಿ ಕಾಯಿಸಿ ಬಕೆಟ್ಟಿಗೆ ಸುರಿದು ಸ್ನಾನ. ಊರಿನ ಬಚ್ಚಲೊಲೆ, ತಾಮ್ರದ ಹಂಡೆ ನೆನಪಾಗಿ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಅದೂ ತಣ್ಣೀರೇ ಬರ್ತಿತ್ತೇನೋ :-)

ಎಂಟನೇ ದಿನ ಆಫೀಸಿನ ಊಟದ ಟೇಬಲ್ಲಿನಲ್ಲಿ ನನ್ನ ಗೋಳು ಹೇಳಿಕೊಂಡೆ. ನಮ್ಮ ಟೀಮಿನಲ್ಲಿ ಪೆರುವಿನ ಒಬ್ಬಳು, ಬ್ಯೂನಸ್ ಐರಿಸ್‌ನ ಒಬ್ಬ, ಮ್ಯಾಡ್ರಿಡ್‌ನವರು ಇಬ್ಬರು. ಪೆರುವಿನವಳು ಮೂರು ಪ್ರಶ್ನೆ ಕೇಳಿದಳು.

“ಏಜೆಂಟನಿಗೆ ದುಡ್ಡು ಕೊಟ್ಟಿದ್ದು ಯಾರು?”

“ನಾನು.”

“ಕೆಲಸ ಒಪ್ಪಿಸಿದ್ದು ಯಾರು?”

“ಮನೆ ಮಾಲೀಕರು.”

“ಹಾಗಾದ್ರೆ ಅವನು ಯಾರ ಏಜೆಂಟು?”

ನಾನು ಸುಮ್ಮನಾದೆ. ಆಗ ಮ್ಯಾಡ್ರಿಡ್‌ನವನು ನಗ್ತಾ ವಿವರಿಸಿದ. ಇಲ್ಲಿ ಏಜೆಂಟರ ಬಾಯಲ್ಲಿ ‘ಲಾ ಪ್ರೊಪ್ಯೆದಾದ್’ ಅಂದರೆ ಆಸ್ತಿ ಅಲ್ಲ, ಆಸ್ತಿಯ ಒಡೆಯರು! ಒಡೆಯರ ಜೊತೆ ಏಜೆಂಟನಿಗೆ ‘ನೋತಾ ದೆ ಎನ್‌ಕಾರ್ಗೊ’ ಅಂತ ಒಂದು ಕಾಗದ ಇರತ್ತೆ, ಕೆಲಸ ಒಪ್ಪಿಸಿದ ಚೀಟಿ. ಅದರಲ್ಲಿ ನನ್ನ ಹೆಸರೇ ಇಲ್ಲ. ಅಂದರೆ ಆ ಮನುಷ್ಯ ಎಂಟು ದಿನದ ಹಿಂದೆಯೇ ನನಗೆ ಸತ್ಯವನ್ನೇ ಹೇಳಿದ್ದ. ‘ನಾನು ಮಾಲೀಕರ ಕಡೆಯವನು’ ಅಂತ. ಸುಳ್ಳು ಹೇಳಿದ್ದು ನನ್ನ ಹಸಿರು ಟಿಕ್ಕು.

ಆಮೇಲೆ ಪೆರುವಿನವಳು ಎರಡು ಪದ ಕೊಟ್ಟಳು. ಒಂದು ‘ಅರ್ರೆಂದದೋರ್’, ಕರಾರಿನಲ್ಲಿ ಬಾಡಿಗೆ ಕೊಡುವವರಿಗೆ ಇರೋ ಹೆಸರು. ಮಾತಿನಲ್ಲಿ ‘ಕಸೇರೊ’ ಅಂತಾರೆ, ಕಾಗದದಲ್ಲಿ ಅರ್ರೆಂದದೋರ್. ಇನ್ನೊಂದು ‘ಬುರೊಫಾಕ್ಸ್’. ಅಲ್ಲಿನ ಅಂಚೆ ಇಲಾಖೆಯ ಸೇವೆ ಅದು. ಏನು ಕಳಿಸಿದ್ದು, ಯಾವಾಗ ಕಳಿಸಿದ್ದು, ತಲುಪಿತೋ ಇಲ್ಲವೋ ಎಲ್ಲಕ್ಕೂ ಪುರಾವೆ ಇರೋ ಪತ್ರ. ನಮ್ಮ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರ್ತಿದ್ದ ಲಾಯರ್ ನೋಟೀಸಿಗಿದ್ದ ಗತ್ತು ಅದಕ್ಕಿದೆ. ಆ ಸಂಜೆ ಏಜೆಂಟನಿಗೆ ಫೋನ್ ಮಾಡಿ, ಬರೆದಿಟ್ಟುಕೊಂಡಿದ್ದನ್ನು ಓದಿದೆ: ರಿಪೇರಿ ಅರ್ರೆಂದದೋರ್ ಅವರ ಜವಾಬ್ದಾರಿ, ಅವರ ವಿಳಾಸ ಕರಾರಿನಲ್ಲಿದೆ, ನಾಳೆ ಬುರೊಫಾಕ್ಸ್ ಕಳಿಸ್ತೇನೆ. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ರಿಪೇರಿಯವನು ಬಾಗಿಲು ತಟ್ಟಿದ. ಎರಡು ಪದ, ಮಿತ್ರರೇ, ಎರಡೇ ಪದ!

ಆವತ್ತಿನಿಂದ ಊಟದ ಟೇಬಲ್ಲಿನಲ್ಲಿ ಅದೇ ಚರ್ಚೆ. ನಿಮ್ಮ ದೇಶದಲ್ಲಿ ಬ್ರೋಕರ್‌ಗೆ ಏನಂತಾರೆ ಅಂತ ಕೇಳೋದು. ಒಂದೇ ಭಾಷೆ, ಇಪ್ಪತ್ತು ದೇಶ, ಹೆಸರು ನೂರಾರು. ಚಿಲಿಯಲ್ಲಿ ‘ಕೊರ್ರೆದೋರ್ ದೆ ಪ್ರೊಪ್ಯೆದಾದೆಸ್’. ಕೊರ್ರೆದೋರ್ ಅಂದರೆ ಓಡುವವನು. ಮನೆಯ ಉದ್ದನೆ ಪಡಸಾಲೆಗೂ ಅದೇ ಪದ. ಇಬ್ಬರ ಮಧ್ಯೆ ಓಡಾಡುವವನು, ಇಬ್ಬರ ಮಧ್ಯದ ಓಣಿಯೂ ಅವನೇ! ಇಷ್ಟು ಸರಿಯಾದ ಹೆಸರು ನಾನು ಬೇರೆಲ್ಲೂ ಕೇಳಿಲ್ಲ. ಮೆಕ್ಸಿಕೋದಲ್ಲಿ ‘ಅಹೆಂತೆ ದೆ ಬ್ಯೆನೆಸ್ ರಾಯೀಸೆಸ್’ ಅಥವಾ ‘ಅಸೆಸೋರ್’, ಅಂದರೆ ಸಲಹೆಗಾರ. ಯಾವ ಕಾಗದಪತ್ರವೂ ಇಲ್ಲದೆ ಕೆಲಸ ಮಾಡಿಸಿಕೊಡೋ ಮಧ್ಯವರ್ತಿಗೆ ಅಲ್ಲಿನವರು ‘ಕೊಯೋತೆ’ ಅಂತಾರೆ. ಅದು ನರಿಯ ಜಾತಿಯ ಒಂದು ಪ್ರಾಣಿ. ಯಾಕೆ ಹಾಗಂತಾರೆ ಅಂತ ವಿವರಿಸಬೇಕಿಲ್ಲ ಅಲ್ವಾ?

ಅರ್ಜೆಂಟೀನಾದವನ ಪದ ಎಲ್ಲಕ್ಕಿಂತ ಮಜಾ. ‘ಮಾರ್ತಿಶೇರೊ’. ಮಾರ್ತಿಶೊ ಅಂದರೆ ಸುತ್ತಿಗೆ. (ಸ್ಪೇನಿನವರು ಮಾರ್ತಿಯೊ ಅಂತಾರೆ. ಬ್ಯೂನಸ್ ಐರಿಸ್‌ನವರ ಬಾಯಲ್ಲಿ ‘ಯ’ ಎಲ್ಲ ‘ಶ’ ಆಗತ್ತೆ.) ಒಂದು ಸಲ, ಎರಡು ಸಲ, ಮೂರು ಸಲ ಅಂತ ಹರಾಜು ಕೂಗಿ ಸುತ್ತಿಗೆ ಕುಟ್ಟುವವನು. 1973ರ ಅಲ್ಲಿನ ರಾಷ್ಟ್ರೀಯ ಕಾನೂನು 20.266 ಇರೋದೇ ಮಾರ್ತಿಶೇರೊ ವೃತ್ತಿಗೆ. 1999ರ ತಿದ್ದುಪಡಿ ಕೊರ್ರೆದೋರ್‌ಗಳನ್ನೂ ಅದರೊಳಗೆ ತಂದು ವಿಶ್ವವಿದ್ಯಾಲಯದ ಪದವಿ ಬೇಕು ಅಂದಿತು. ಬ್ರೋಕರ್ ಆಗೋಕೆ ಡಿಗ್ರಿ! ಸ್ಪೇನ್ ಇದಕ್ಕೆ ಉಲ್ಟಾ ಹೋಯ್ತು. ಮೊದಲು ಎಪಿಐ ಅನ್ನೋ ಅಧಿಕೃತ ಪದವಿ ಇದ್ದವರಿಗೇ ಈ ಕೆಲಸ ಮೀಸಲಾಗಿತ್ತು. 2000ದ ಜೂನ್‌ನಲ್ಲಿ ಬಂದ ಸುಗ್ರೀವಾಜ್ಞೆಯೊಂದು ಆ ಬೇಲಿ ಕಿತ್ತು ಹಾಕಿತು. ಯಾರು ಬೇಕಾದರೂ ಮನೆ ತೋರಿಸಬಹುದು, ಮಾರಿಸಬಹುದು. 2003ರ ಕಾನೂನು ಅದನ್ನು ಖಾಯಂ ಮಾಡಿತು. (ಕತಲೋನಿಯಾದಂಥ ಪ್ರಾಂತ್ಯ ಆಮೇಲೆ ತನ್ನದೇ ನೋಂದಣಿ ಕಡ್ಡಾಯ ಮಾಡಿಕೊಂಡಿತು.) ಹಾಗಾಗಿ ಗಾಜಿನ ಮೇಲಿನ ‘ಎಪಿಐ’ ಈಗ ಒಂದು ಹೆಗ್ಗಳಿಕೆಯ ಬಿರುದು ಅಷ್ಟೆ, ಅದಿಲ್ಲದೆಯೂ ಅಂಗಡಿ ತೆರೀಬಹುದು.

ನಮಗೆ ಮೋಸ ಮಾಡೋ ಇನ್ನೊಂದು ಪದ ‘ನೊತಾರಿಯೊ’. ನೋಟರಿ ಅಂದ ಕೂಡಲೇ ನಮಗೆ ಕೋರ್ಟಿನ ಹತ್ತಿರ ಮೇಜು ಹಾಕಿಕೊಂಡು ಅಫಿಡವಿಟ್ಟಿಗೆ ಸೀಲು ಒತ್ತೋ ಕರಿಕೋಟಿನವರು ನೆನಪಾಗ್ತಾರೆ. ಸ್ಪೇನಿನ ನೊತಾರಿಯೊ ಹಾಗಲ್ಲ. ವರ್ಷಗಟ್ಟಲೆ ಓದಿ ಅತೀ ಕಠಿಣ ಸ್ಪರ್ಧಾ ಪರೀಕ್ಷೆ ಪಾಸಾಗಿ ಬಂದ ಸರ್ಕಾರಿ ಹುದ್ದೆಯ ಕಾನೂನು ಪಂಡಿತ. ಮನೆಯ ಕ್ರಯಪತ್ರ ಆಗೋದು ಅವರ ಎದುರಿಗೆ. ಅವರ ಫೀಸನ್ನು ಸರ್ಕಾರವೇ ನಿಗದಿ ಮಾಡಿರತ್ತೆ, ಅವರು ಯಾರ ಕಡೆಯವರೂ ಆಗಿರಬಾರದು. ಅರ್ಜೆಂಟೀನಾ, ಉರುಗ್ವೆಯಲ್ಲಿ ಇದೇ ಕೆಲಸದವರಿಗೆ ‘ಎಸ್ಕ್ರಿಬಾನೊ’ ಅಂತ ಹೆಸರು. ಶಬ್ದಾರ್ಥ ಬರಹಗಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗಿನ ನಮ್ಮ ಪತ್ರ ಬರಹಗಾರರು ಅಂತ ತಿಳ್ಕೊಂಡು ಮಾತಾಡಿಸಿದ್ರೆ ಅಷ್ಟೇ ಕಥೆ! ಈ ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗತ್ತೆ, ಅದು ತಮಾಷೆಯಲ್ಲ. ಅಮೆರಿಕಕ್ಕೆ ವಲಸೆ ಹೋದ ಸ್ಪ್ಯಾನಿಷ್ ಭಾಷಿಕರು ಅಲ್ಲಿನ ಬರೀ ಸೀಲೊತ್ತೋ ನೋಟರಿಯನ್ನು ತಮ್ಮೂರ ನೊತಾರಿಯೊ ಅಂತ ನಂಬಿ ವಲಸೆ ಕಾಗದಗಳಿಗೆಲ್ಲ ದುಡ್ಡು ಸುರಿದು ಮೋಸ ಹೋಗಿದಾರೆ. ಅದಕ್ಕೇ ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಜಾಹೀರಾತಿನಲ್ಲಿ ‘ನೋಟರಿ ಪಬ್ಲಿಕ್’ ಅನ್ನೋದನ್ನು ‘ನೊತಾರಿಯೊ ಪೂಬ್ಲಿಕೊ’ ಅಂತ ಅನುವಾದಿಸೋದನ್ನು ಕಾನೂನೇ ನಿಷೇಧಿಸಿದೆ. ಒಂದು ಅನುವಾದ ಶಿಕ್ಷಾರ್ಹ ಆಗೋದು ನಾನು ಕೇಳಿದ್ದು ಇದೇ ಮೊದಲು.

ನನ್ನ ವಾದಕ್ಕೆ ಇನ್ನೊಂದು ಪದ ಸಾಕ್ಷಿ. ಸ್ಪೇನಿನಲ್ಲಿ ಬರೀ ಕೊಳ್ಳುವವರ ಪರವಾಗಿಯೇ ಮನೆ ಹುಡುಕಿ ಕೊಡುವವರೂ ಈಗ ಇದಾರೆ. ಅವರಿಗೆ ಏನಂತಾರೆ ಗೊತ್ತಾ? ‘ಪರ್ಸನಲ್ ಶಾಪರ್ ಇನ್ಮೊಬಿಲ್ಯಾರಿಯೊ’! ಓಡುವವನಿಗೆ, ಸುತ್ತಿಗೆಯವನಿಗೆ, ಬರಹಗಾರನಿಗೆ, ಬೆಲೆ ಕಟ್ಟೋ ‘ತಸದೋರ್’ಗೆ, ಮನೆ ಮನೆ ಅಲೆದು ಮಾರುವವರನ್ನು ಹಿಡಿದು ತರೋ ‘ಕಪ್ತದೋರ್’ಗೆ, ಎಲ್ಲರಿಗೂ ಸ್ವಂತ ಪದ ಇಟ್ಟುಕೊಂಡ ಭಾಷೆ ಕೊಳ್ಳುವವನ ಕಡೆಯವನಿಗೆ ಮಾತ್ರ ಇಂಗ್ಲಿಷಿನಿಂದ ಸಾಲ ತಂದಿದೆ. ಯಾಕೆ? ಅಂಥವನು ಅಲ್ಲಿ ತುಂಬಾ ವಿರಳವಾಗಿದ್ದ, ಅದಕ್ಕೆ ಅಂತ ನನ್ನ ಅನಿಸಿಕೆ. ಭಾಷೆಯಲ್ಲಿ ಪದ ಇಲ್ಲ ಅಂದರೆ ಆ ಜಾಗದಲ್ಲಿ ಮನುಷ್ಯನೂ ಇರಲಿಲ್ಲ ಅಂತ ಅನುಮಾನ ಪಡಬಹುದು.

ಹಾಗಂತ ಪದ ಇದ್ದರೆ ಸಾಕಾ? ಇಲ್ಲ. 2023ರ ಮೇ 26ರಂದು ಸ್ಪೇನಿನಲ್ಲಿ ಹೊಸ ವಸತಿ ಕಾನೂನು ಜಾರಿಗೆ ಬಂತು. ವಾಸದ ಮನೆಯ ಬಾಡಿಗೆಯಲ್ಲಿ ಏಜೆಂಟನ ಖರ್ಚೂ ಕರಾರು ಮಾಡಿಸೋ ಖರ್ಚೂ ಅರ್ರೆಂದದೋರ್ ಅವರದೇ ಅಂತ ಖಚಿತವಾಗಿ ಬರೆದರು. ಬ್ಯೂನಸ್ ಐರಿಸ್ ನಗರ ಇಂಥದ್ದನ್ನು 2017ರಲ್ಲೇ ಮಾಡಿತ್ತು, ಬಾಡಿಗೆದಾರರಿಂದ ಕಮಿಶನ್ ತಗೊಳ್ಳೋ ಹಾಗಿಲ್ಲ ಅಂತ. ಯಾರು ಕೆಲಸ ಒಪ್ಪಿಸ್ತಾರೋ ಅವರೇ ದುಡ್ಡು ಕೊಡ್ಬೇಕು. ಎಷ್ಟು ಸರಳ ನ್ಯಾಯ! ನಾನು ಮ್ಯಾಡ್ರಿಡ್ ಬಿಟ್ಟಿದ್ದು ಜೂನ್‌ನಲ್ಲಿ. ನನ್ನ 1,028.50 ಮಾತ್ರ ಹಳೇ ಕಾನೂನಿನ ಲೆಕ್ಕಕ್ಕೆ ಹೋಯ್ತು :-(

ಆದರೆ ಆಮೇಲೇನಾಯ್ತು ನೋಡಿ. ಕೆಲವು ಏಜೆನ್ಸಿಗಳ ಚೀಟಿಯಿಂದ ಒನೊರಾರಿಯೋಸ್ ಅನ್ನೋ ಸಾಲು ಮಾಯವಾಗಿ ‘ಬಾಡಿಗೆದಾರರಿಗೆ ಸಲಹಾ ಸೇವೆ’ ಅಂತ ಹೊಸ ಸಾಲು ಬಂತು. ಬೆಲೆ ಹೆಚ್ಚೂಕಮ್ಮಿ ಅದೇ ಒಂದು ತಿಂಗಳ ಬಾಡಿಗೆ! ಅಲ್ಲಿನ ಬಳಕೆದಾರರ ಸಂಘಟನೆಗಳು ಇದರ ಮೇಲೆ ದೂರಿನ ಮೇಲೆ ದೂರು ಕೊಟ್ಟಿವೆ. ಇನ್ನು ಕೆಲವರು ಕರಾರನ್ನೇ ‘ತೆಂಪೊರಾದಾ’, ಅಂದರೆ ಹಂಗಾಮಿನ ಬಾಡಿಗೆ, ಅಂತ ಬರೆಸಿ ಕಾನೂನಿನಿಂದ ನುಸುಳಿಕೊಳ್ತಾರೆ. ಕಾನೂನು ಒಂದು ಪದವನ್ನು ಕಟ್ಟಿಹಾಕಿದರೆ ದಂಧೆ ಇನ್ನೊಂದು ಪದ ಹುಟ್ಟಿಸತ್ತೆ. ದುಡ್ಡಿನ ಜಗಳ ಮೊದಲು ನಡೆಯೋದು ಪದದಲ್ಲಿ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ. ಬೇರೆ ನಾಡಿನಲ್ಲಿ ಬದುಕೋಕೆ ಅಂತ ಭಾಷೆ ಕಲಿಯುವವನಿಗೆ ‘ಇದರ ಅರ್ಥ ಇದು’ ಅಂತ ಕಲಿಸಿದರೆ ಅರ್ಧ ಮಾತ್ರ ಕಲಿಸಿದ ಹಾಗೆ. ವೃತ್ತಿಯ ಹೆಸರಿನ ಜೊತೆ ‘ಇವನು ಯಾರ ಕಡೆಯವನು, ಇವನಿಗೆ ದುಡ್ಡು ಕೊಡೋರು ಯಾರು, ಕೆಲಸ ಕೆಟ್ಟರೆ ಕೇಳಬೇಕಾದ್ದು ಯಾರನ್ನ’ ಅಂತಲೂ ಕಲಿಸಬೇಕು. ಸೇಬುಹಣ್ಣಿಗೆ, ಬೆಕ್ಕಿಗೆ ಹಸಿರು ಟಿಕ್ ಸಾಕು. ನೀವು ಸಹಿ ಹಾಕೋ ಕಾಗದದಲ್ಲಿ ಬರೋ ಪದಗಳಿಗೆ ಸಾಲದು.

ನೀವು ಹೇಳಬಹುದು, ಪದದಿಂದ ಏನಾಗತ್ತೆ ಮಾರಾಯ, ಬ್ರೋಕರ್ ಅಂದ್ರೆ ಬ್ರೋಕರ್ರೇ, ಅವನೂ ಹೊಟ್ಟೆಪಾಡಿಗೆ ಮಾಡ್ತಾನೆ ಅಂತ. ಒಪ್ಪುತ್ತೇನೆ. ಬಿಸಿಲಲ್ಲಿ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹತ್ತು ಮನೆ ತೋರಿಸಿ, ಬ್ಯಾಚುಲರ್‌ಗೆ ಕೊಡಲ್ಲ ಅನ್ನೋ ಓನರ್ರನ್ನು ಒಪ್ಪಿಸಿ ಕೊಡೋ ಬೆಂಗಳೂರಿನ ಬ್ರೋಕರ್ ತಗೊಳ್ಳೋ ದುಡ್ಡು ಪುಕ್ಕಟೆ ದುಡ್ಡಲ್ಲ. ನನ್ನ ತಕರಾರು ದುಡ್ಡಿನದಲ್ಲ, ಮಬ್ಬಿನದು. ನಮ್ಮಲ್ಲಿ ಅವನು ಓನರ್ರಿಂದ ಒಂದು ತಿಂಗಳು, ನಮ್ಮಿಂದ ಒಂದು ತಿಂಗಳು ತಗೊಳ್ತಾನೆ. ಹಾಗಾದ್ರೆ ಅವನು ಯಾರ ಕಡೆಯವನು? ನಾವು ಯಾವತ್ತಾದ್ರೂ ಕೇಳಿದೀವಾ? 2016ರ ರೇರಾ ಕಾಯ್ದೆಯಲ್ಲಿ ‘ರಿಯಲ್ ಎಸ್ಟೇಟ್ ಏಜೆಂಟ್’ ಅನ್ನೋದಕ್ಕೆ ವ್ಯಾಖ್ಯಾನ ಇದೆ. ಪ್ರಾಪರ್ಟಿ ಡೀಲರ್, ಬ್ರೋಕರ್, ಮಧ್ಯವರ್ತಿ, ಯಾವ ಹೆಸರಿಂದ ಕರೆದರೂ ಅವನು ಏಜೆಂಟೇ ಅನ್ನತ್ತೆ. ಹೆಸರು ಬದಲಿಸಿ ತಪ್ಪಿಸಿಕೊಳ್ಳೋರ ವಿಷಯ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು! ಆದರೆ ಆ ವ್ಯಾಖ್ಯಾನ ಮಾರಾಟದ ವ್ಯವಹಾರಕ್ಕೆ. ಬಾಡಿಗೆ ಮನೆ ತೋರಿಸೋನು ಅದರ ಹೊರಗೇ ಉಳಿದ.

ಕನ್ನಡದಲ್ಲಿ ಪದ ಇರಲಿಲ್ಲ ಅಂತಲ್ಲ. ಕೊಳ್ಳುವಾಗ ಮಾತು ಗಟ್ಟಿ ಮಾಡೋಕೆ ಕೊಡೋ ಮುಂಗಡಕ್ಕೆ ಸ್ಪೇನಿನಲ್ಲಿ ‘ಅರ್ರಾಸ್’ ಅಂತಾರೆ. ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡೋ 13 ನಾಣ್ಯಕ್ಕೂ ಅದೇ ಹೆಸರು. 1889ರ ಅವರ ಸಿವಿಲ್ ಕೋಡಿನಲ್ಲಿ ಅರ್ರಾಸ್ ಕೊಟ್ಟು ಹಿಂದೆ ಸರಿದರೆ ಕೊಳ್ಳುವವನಿಗೆ ಅದು ವಾಪಸ್ಸಿಲ್ಲ, ಮಾರುವವನು ಹಿಂದೆ ಸರಿದರೆ ಎರಡರಷ್ಟು ಕೊಡಬೇಕು ಅಂತಿದೆ. ನಮ್ಮಲ್ಲಿ ಇದಕ್ಕೆ ‘ಸಂಚಕಾರ’ ಅನ್ನೋ ಅಪ್ಪಟ ಪದ ಇತ್ತು. ಈಗ ಸಂಚಕಾರ ಅಂದರೆ ಬರೀ ಅಪಾಯ, ಪ್ರಾಣಕ್ಕೆ ಸಂಚಕಾರ! ದುಡ್ಡಿಗೆ ಮಾತ್ರ ‘ಟೋಕನ್ ಅಡ್ವಾನ್ಸು’. ಬೊಲಿವಿಯಾದಲ್ಲಿ ‘ಅಂತಿಕ್ರೇತಿಕೊ’ ಅಂತ ಒಂದು ಪದ್ಧತಿ ಇದೆ. ದೊಡ್ಡ ಮೊತ್ತ ಒಮ್ಮೆಲೇ ಮಾಲೀಕರಿಗೆ ಕೊಟ್ಟು ಬಾಡಿಗೆ ಇಲ್ಲದೆ ವಾಸ, ಬಿಡುವಾಗ ಅಷ್ಟೂ ವಾಪಸ್. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಬದಲಿಗೆ ಬಳಕೆ’, ಬಡ್ಡಿಯ ಬದಲು ಮನೆಯ ಬಳಕೆ. ಇದನ್ನು ಹೇಳಿ ಆಫೀಸಿನವರು ನಾನು ಬೆರಗಾಗ್ತೀನಿ ಅಂತ ಕಾದರು. ನಾನು, “ನಮ್ಮೂರಲ್ಲಿ ಇದಕ್ಕೆ ಭೋಗ್ಯ ಅಂತಾರೆ, ಅರ್ಥವೂ ಅದೇ” ಅಂದೆ. ಆವತ್ತು ಮೊದಲ ಸಲ ಆ ಟೇಬಲ್ಲಿನಲ್ಲಿ ಕಲಿಸಿದವನು ನಾನು! ಆದರೆ ಬೆಂಗಳೂರಿಗೆ ವಾಪಸ್ ಬಂದು ನೋಡಿದ್ರೆ ಭೋಗ್ಯಕ್ಕಿದೆ ಅನ್ನೋ ಬೋರ್ಡುಗಳನ್ನು ‘ಲೀಸ್’ ನುಂಗ್ತಾ ಇದೆ.

ಹಳೇ ಪದ ಎಲ್ಲ ವಾಪಸ್ ತರೋಣ ಅಂತ ಚಳವಳಿ ಮಾಡೋನು ನಾನಲ್ಲ. ಬ್ರೋಕರ್ ಅನ್ನೋ ಪದವೇ ಇರಲಿ. ಆದರೆ ಅದರ ಮುಂದೆ ‘ಓನರ್ ಕಡೆ’ ಅಥವಾ ‘ನನ್ನ ಕಡೆ’ ಅಂತ ಒಂದು ಪದ ಸೇರಿಸೋದನ್ನು ನಾವು ಕಲಿಯಬೇಕು. ಕಳೆದ ವರ್ಷ ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ಬ್ರೋಕರ್‌ಗೆ ಮೊದಲನೇ ಪ್ರಶ್ನೆ ಅದನ್ನೇ ಕೇಳಿದೆ: “ಅಣ್ಣಾ, ನೀವು ಯಾರ ಕಡೆಯವರು?” ಅವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ನಕ್ಕು, “ಯಾರೂ ಕೇಳಿರ್ಲಿಲ್ಲ ಸಾರ್ ಇದನ್ನ. ನೀವು ದುಡ್ಡು ಕೊಡೋತನಕ ನಿಮ್ಮ ಕಡೆ, ಆಮೇಲೆ ಓನರ್ ಕಡೆ” ಅಂದರು. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಕೇಳಿದಷ್ಟೂ ಕೊಟ್ಟೆ. ಗೀಸರ್ರನ್ನು ಮಾತ್ರ ದುಡ್ಡು ಕೊಡೋಕೆ ಮೊದಲೇ ರಿಪೇರಿ ಮಾಡಿಸಿಕೊಂಡೆ :-)

ನಿಮ್ಮೂರಲ್ಲಿ ಮನೆ, ಜಮೀನು ಕೊಡಿಸೋರಿಗೆ, ಅವರಿಗೆ ಕೊಡೋ ದುಡ್ಡಿಗೆ ಏನೇನಂತಾರೆ? ಬ್ರೋಕರ್, ಕಮಿಶನ್ ಬಿಟ್ಟು ಬೇರೆ ಪದ ಅಜ್ಜನ ಬಾಯಲ್ಲೋ ಸಂತೆಯಲ್ಲೋ ಕೇಳಿದ್ರೆ ದಯವಿಟ್ಟು ಕೆಳಗೆ ಬರೀರಿ. ಮತ್ತೆ ಆ ಪದದವನು ಯಾರ ಕಡೆಯವನು ಅಂತಲೂ ಬರೆಯೋದು ಮರೀಬೇಡಿ!